ಶಾಲಿಬಂಡಾದ ಮಾಳಿಗೆ

ನಿವೃತ್ತಿಯ ಸಮಾರಂಭಕ್ಕೆ ಮುಂಚೆ ಶಾಲೆಯವರು ನಿಮಗೇನು ಕಾಣಿಕೆ ಬೇಕು ಎಂದು ಕೇಳಿದ್ದರು. ಬೆಟ್ಟ ಹತ್ತುವವರು ಬೆನ್ನಿಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥ ಚೀಲ ಕೊಡಿ ಎಂದೆ. ಅವರಿಗೆ ಕಸಿವಿಸಿಯಾಯಿತು. ವಿಜಯಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅಷ್ಟು ವರ್ಷ ಪೀಟಿ ಟೀಚರ್ ಆಗಿದ್ದವಳಿಗೆ ಬೆಳ್ಳಿಯ ದೀಪವನ್ನೋ ಗೋಡೆ ಗಡಿಯಾರವನ್ನೋ ಬಿಟ್ಟು ಚೀಲ ಕೊಡುವುದು ಹೇಗೆ? ಕೊನೆಗೆ ಚೀಲವನ್ನೇ ತಂದರು, ಆದರೆ ವೇದಿಕೆಯ ಮೇಲೆ ಅದು ಕಾಣದಂತೆ ಮೇಲೊಂದು ಶಾಲು ಸುತ್ತಿ ಕೊಟ್ಟರು. ಫೋಟೋದಲ್ಲಿ ನಾನು ಯಾರದೋ ಕೂಸನ್ನು ಎತ್ತಿಕೊಂಡು ನಿಂತ ಹಾಗೆ ಕಾಣುತ್ತೇನೆ.

ಚೀಲ ಬೇಕಾಗಿದ್ದುದಕ್ಕೆ ಕಾರಣವಿತ್ತು. ದೊಡ್ಡ ಊರೊಂದನ್ನು ಈ ತುದಿಯಿಂದ ಆ ತುದಿಗೆ ಒಬ್ಬಳೇ ನಡೆದು ನೋಡಬೇಕು ಎಂಬ ಆಸೆ ನನಗೆ ಎಷ್ಟೋ ವರ್ಷಗಳಿಂದ ಇತ್ತು. ನಾನು ಮದುವೆಯಾಗಲಿಲ್ಲ. ರಜೆಗಳೆಲ್ಲ ಕ್ರೀಡಾಕೂಟಗಳಿಗೆ ಹುಡುಗಿಯರನ್ನು ಕರೆದುಕೊಂಡು ಹೋಗುವುದರಲ್ಲೇ ಕಳೆದವು. ಹೋದ ಊರುಗಳಲ್ಲಿ ಮೈದಾನ, ಧರ್ಮಶಾಲೆ, ಬಸ್‌ಸ್ಟ್ಯಾಂಡ್ ಬಿಟ್ಟು ಬೇರೇನೂ ನೋಡಿದವಳಲ್ಲ. ಈಗ ಎಣಿಸಿಕೊಳ್ಳಬೇಕಾದ ಹುಡುಗಿಯರಿಲ್ಲ, ಊದಬೇಕಾದ ಸೀಟಿಯಿಲ್ಲ. ಊರು ಯಾವುದು ಎಂದು ಹೆಚ್ಚು ಯೋಚಿಸಲಿಲ್ಲ. ಅಕ್ಕ ಹೈದರಾಬಾದಿನಲ್ಲಿದ್ದಳು. ಸಂಕ್ರಾಂತಿಗೆ ಇನ್ನೂ ಒಂದು ವಾರಕ್ಕೂ ಹೆಚ್ಚು ಇತ್ತು. ಹೊರಟೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಮದುವೆಯಾಗಿ ಬಂದಾಗಿನಿಂದ ಅವಳ ಸಂಸಾರ ಮಲ್ಕಾಜ್‌ಗಿರಿಯಲ್ಲಿ, ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ. ಭಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ನಿವೃತ್ತರಾದ ಮೇಲೂ ಪ್ರತಿ ರೈಲಿನ ಸದ್ದಿಗೆ ಗಡಿಯಾರ ನೋಡುತ್ತಾರೆ. ಅಕ್ಕ ತರಕಾರಿಯವಳ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ಮನೆಯೊಳಗೆ ನಮ್ಮ ವಿಜಯಪುರದ ಕನ್ನಡ ಆಡುತ್ತಾಳೆ. ಇಷ್ಟೆಲ್ಲ ಭಾಷೆ ಬಂದರೂ ಅವಳ ಹೈದರಾಬಾದು ಆಸ್ಪತ್ರೆ, ಗುಡಿ, ಬಳಗದವರ ಮನೆ ಇಷ್ಟರಲ್ಲೇ ಮುಗಿಯುತ್ತಿತ್ತು. ಮೂಸಿ ಹೊಳೆಯ ಆಚೆಗೆ ಅವಳು ಒಬ್ಬಳೇ ಎಂದೂ ಹೋಗಿರಲಿಲ್ಲ.

ಚೀಲ ಹೊತ್ತು ಬಂದ ನನ್ನನ್ನು ನೋಡಿ ಅವಳು ಬಾಗಿಲಲ್ಲೇ ನಿಂತಳು.

"ಏನಿದು, ಮಿಲಿಟರಿ ಸೇರಿದೇನು?"

ನನ್ನ ಯೋಜನೆ ಹೇಳಿದೆ. ಮಲ್ಕಾಜ್‌ಗಿರಿಯಿಂದ ಗಚ್ಚಿಬೌಲಿಯವರೆಗೆ ನಡೆಯುವುದು, ಆದರೆ ನೇರವಾಗಿ ಅಲ್ಲ. ಹಳೆಯ ಊರನ್ನು ಸುತ್ತಿಕೊಂಡು, ದಿನಕ್ಕೆ ಕಾಲು ಒಪ್ಪಿದಷ್ಟು. ಕತ್ತಲಾದಲ್ಲಿ ಲಾಡ್ಜು.

"ಊರಾಗ ಅಕ್ಕನ ಮನಿ ಇರೂವಾಗ ಲಾಡ್ಜಿನ್ಯಾಗ ಮಲಗ್ತೀಯೇನು? ಮಂದಿ ಏನಂದಾರು?"

"ಚೀಲ ಹೊತ್ಕೊಂಡು ಸಂಜಿಕ ಮನಿಗೆ ಬಂದ್ರ ಅದು ಪ್ರವಾಸ ಹೆಂಗಾಕ್ಕೈತಿ?"

ಭಾವ ಮಧ್ಯೆ ಬಂದರು. ಸಂಜೆ ಎಲ್ಲಿ ನಿಲ್ಲಿಸುತ್ತೀಯೋ ಅಲ್ಲಿಂದ ಬಸ್ಸು ಹಿಡಿದು ಮನೆಗೆ ಬಾ, ಬೆಳಿಗ್ಗೆ ಮತ್ತೆ ಅದೇ ಜಾಗಕ್ಕೆ ಹೋಗಿ ಅಲ್ಲಿಂದ ಮುಂದೆ ನಡಿ, ಗಾಡಿ ನಿಂತ ಸ್ಟೇಷನ್ನಿನಿಂದಲೇ ಶುರುವಾಗಬೇಕು ಎಂದು ರೈಲ್ವೆಯವರ ನ್ಯಾಯ ಹೇಳಿದರು. ಇಬ್ಬರೂ ಒಪ್ಪಿದೆವು. ಅಕ್ಕ ಒಪ್ಪಿದ್ದಕ್ಕೆ ಪ್ರತಿಯಾಗಿ ನನ್ನ ಚೀಲವನ್ನು ವಶಕ್ಕೆ ತೆಗೆದುಕೊಂಡಳು. ಮರುದಿನ ಬೆಳಿಗ್ಗೆ ಅದರಲ್ಲಿ ನಾನಿಟ್ಟ ರೇನ್‌ಕೋಟು, ಟಾರ್ಚು ಯಾವುದೂ ಇರಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮೊಸರಿನ ಡಬ್ಬಿ ಇದ್ದವು. ಒಬ್ಬಳು ತಿನ್ನುವಷ್ಟಲ್ಲ, ನನ್ನ ಕಬಡ್ಡಿ ತಂಡ ತಿನ್ನುವಷ್ಟು.

ಹೈದರಾಬಾದು ನಡೆಯುವವರಿಗಾಗಿ ಕಟ್ಟಿದ ಊರಲ್ಲ. ಫುಟ್‌ಪಾತು ಎಂಬುದು ಸ್ವಲ್ಪ ದೂರ ಬಂದು, ಟ್ರಾನ್ಸ್‌ಫಾರ್ಮರ್ ಎದುರಾದ ಕೂಡಲೇ ಅಲ್ಲಿಗೆ ಮುಗಿಯಿತು ಎಂದು ಕೈಬಿಡುತ್ತದೆ. ರಸ್ತೆಗಿಳಿದರೆ ಆಟೋದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದು, ಎಲ್ಲಿಗೆ ಅಮ್ಮಾ ಎಂದು ಕೇಳುತ್ತಾರೆ. ನಡೆದು ಹೋಗುತ್ತೇನೆ ಎಂದರೆ ದರ ಚೌಕಾಸಿ ಮಾಡುತ್ತಿದ್ದಾಳೆ ಎಂದೇ ತಿಳಿಯುತ್ತಾರೆ. ಆದರೂ ಆ ಮೊದಲ ಬೆಳಿಗ್ಗೆ ಮೆಟ್ಟುಗುಡ ದಾಟಿ ತಾರ್ನಾಕದ ಕಡೆ ಹೆಜ್ಜೆ ಹಾಕುವಾಗ ನನಗಾದ ಖುಷಿಯನ್ನು ಹೇಗೆ ಹೇಳಲಿ. ಮೆಟ್ರೋ ತಲೆಯ ಮೇಲೆ ಹೋಗುತ್ತಿತ್ತು. ಇಡ್ಲಿ ಬಂಡಿಯ ಹಬೆ ರಸ್ತೆಗೆ ಅಡ್ಡವಾಗಿ ಬರುತ್ತಿತ್ತು. ಯಾರೂ ನನ್ನನ್ನು ಕಾಯುತ್ತಿರಲಿಲ್ಲ. ಯಾವ ಹುಡುಗಿಯ ಶೂ ಲೇಸೂ ಬಿಚ್ಚಿರಲಿಲ್ಲ.

ತಾರ್ನಾಕದ ಪಕ್ಕದ ಹಳೆಯ ವಿಶ್ವವಿದ್ಯಾಲಯದ ಆವರಣಕ್ಕೆ ಹೋದಾಗ ಬಿಸಿಲು ಇನ್ನೂ ಎಳೆಯದಿತ್ತು. ಮರಗಳ ಕೆಳಗೆ ಹತ್ತಾರು ಹಿರಿಯರು ವೃತ್ತವಾಗಿ ನಿಂತು ವ್ಯಾಯಾಮ ಮಾಡುತ್ತಿದ್ದರು. ಎಲ್ಲರೂ ಮೊಣಕಾಲು ಸೆಟೆಸಿಕೊಂಡು ಬಗ್ಗುತ್ತಿದ್ದರು. ನಾನು ಸುಮ್ಮನೆ ದಾಟಿ ಹೋಗಬೇಕೆಂದುಕೊಂಡೆ, ಹೋದೆ ಕೂಡ. ನಾಲ್ಕು ಮಾರು ಹೋದವಳು ತಡೆಯಲಾಗದೆ ತಿರುಗಿ ಬಂದೆ. ಹಾಗೆ ಬಗ್ಗಿದರೆ ಸೊಂಟ ಹಿಡಿಯುತ್ತದೆ, ಮೊಣಕಾಲು ಸ್ವಲ್ಪ ಸಡಿಲ ಬಿಡಿ ಎಂದು ಹಿಂದಿಯಲ್ಲಿ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ವೃತ್ತ ಬಿಚ್ಚಿ ನನ್ನನ್ನು ನಡುವೆ ನಿಲ್ಲಿಸಿದರು. ಚೀಲ ಇಳಿಸಿ ಅವರಿಗೆ ಒಂದು ಪೂರ್ತಿ ತರಗತಿ ತೆಗೆದುಕೊಂಡೆ. ಮುಗಿದಾಗ ಒಬ್ಬರು, "ರೇಪು ಕೂಡಾ ರಂಡಿ ಮೇಡಂ," ನಾಳೆಯೂ ಬನ್ನಿ ಎಂದರು. ನಾಳೆ ನಾನು ಬೇರೆ ಕಡೆ ಇರುತ್ತೇನೆ ಎಂದು ಹೇಳುವಾಗ ನನಗೇ ಹೆಮ್ಮೆಯಾಯಿತು.

ಎರಡನೆಯ ದಿನ ಕೋಠಿಯ ಗಲಾಟೆಯಲ್ಲಿ ಸುತ್ತಿ ಹೊಳೆಯ ದಂಡೆಯವರೆಗೆ ಬಂದೆ. ಆಗಲೇ ಆಕಾಶದಲ್ಲಿ ಪತಂಗಗಳು ಹೆಚ್ಚಾಗಿದ್ದವು. ನಮ್ಮ ಕಡೆ ಗಾಳಿಪಟಕ್ಕೆ ಪತಂಗ ಎಂದೇ ಹೇಳುವುದು, ಹೈದರಾಬಾದಿನಲ್ಲೂ ಅದೇ ಮಾತು. ಸಂಕ್ರಾಂತಿ ಹತ್ತಿರ ಬಂದ ಹಾಗೆ ಈ ಊರಿಗೆ ಮಾಳಿಗೆಯ ಮೇಲೊಂದು ಎರಡನೆಯ ಊರು ಹುಟ್ಟಿಕೊಳ್ಳುತ್ತದೆ. ಕೆಳಗೆ ನಡೆಯುತ್ತಿದ್ದವಳು ನಾನೊಬ್ಬಳೇ ಏನೋ ಅನ್ನಿಸುವಷ್ಟು ಜನ ಮೇಲಿದ್ದರು.

ಮೂರನೆಯ ದಿನ ಸೇತುವೆ ದಾಟಿದೆ. ಚಾರ್‌ಮಿನಾರಿನ ಸುತ್ತ ಬಳೆ ಅಂಗಡಿಗಳ ಮುಂದೆ ಹೆಂಗಸರ ಗುಂಪು, ಹಣ್ಣಿನ ಬಂಡಿಗಳು, ಪಾರಿವಾಳಗಳು. ಅದನ್ನೆಲ್ಲ ಎಲ್ಲರೂ ನೋಡಿರುತ್ತಾರೆ. ನಾನು ಶಾಲಿಬಂಡಾದ ಏರಿನಲ್ಲಿ ಹತ್ತಿ ಒಂದು ಓಣಿಗೆ ತಿರುಗಿದೆ. ಆ ಓಣಿಯಿಂದ ಇನ್ನೊಂದು, ಅದರಿಂದ ಮತ್ತೊಂದು. ಅಷ್ಟರಲ್ಲಿ ಒಬ್ಬಳೇ ತಿರುಗುವ ಹೆಂಗಸಿಗೆ ಊರೂರಲ್ಲೂ ಕಾಡುವ ಕಷ್ಟ ನನಗೂ ಬಂತು. ಬೆಳಿಗ್ಗೆಯಿಂದ ಎರಡು ಸಲ ಚಹ ಕುಡಿದಿದ್ದೆ. ಸುತ್ತ ಎಲ್ಲೂ ಶೌಚಾಲಯವಿರಲಿಲ್ಲ. ಹಿಂದಕ್ಕೆ ದೊಡ್ಡ ರಸ್ತೆಯವರೆಗೆ ಹೋಗುವಷ್ಟು ಹೊತ್ತು ತಡೆಯುವ ಹಾಗೂ ಇರಲಿಲ್ಲ. ಹಸಿರು ಬಣ್ಣದ ಬಾಗಿಲೊಂದು ಅರ್ಧ ತೆರೆದಿತ್ತು, ಅದಕ್ಕೆ ತಟ್ಟಿನ ಪರದೆ. ನಾಚಿಕೆ ಬಿಟ್ಟು ಚಿಲಕ ತಟ್ಟಿದೆ.

ಸುಮಾರು ನಲವತ್ತರ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಬಂದಳು. ವಿಜಯಪುರದಲ್ಲಿ ಬೆಳೆದವರಿಗೆ ದಖ್ಖಣಿ ಯಾರೂ ಕಲಿಸಬೇಕಾಗಿಲ್ಲ. ನನ್ನ ಅವಸ್ಥೆ ಹೇಳಿದೆ.

"ಅಂದರ್ ಆಜಾವ್ ಆಪಾ, ಅದರಲ್ಲಿ ಕೇಳೋದೇನಿದೆ," ಎಂದು ಪರದೆ ಸರಿಸಿ ದಾರಿ ತೋರಿಸಿದಳು.

ಹೊರಗೆ ಬಂದು ಮುಖ ತೊಳೆದುಕೊಳ್ಳುವಾಗ ಮೇಲಿನಿಂದ ಒಂದು ಮುದಿ ಧ್ವನಿ, ಯಾರು ಬಂದಿದ್ದು ಎಂದು ಕೇಳಿತು. ಮಾಳಿಗೆಯಿಂದ ಕೂಗುತ್ತಿದ್ದವರು ಆಕೆಯ ಅತ್ತೆ. ಕರ್ನಾಟಕದ ಟೀಚರಂತೆ, ನಡೆದುಕೊಂಡು ಊರು ನೋಡುತ್ತಿದ್ದಾರಂತೆ ಎಂದು ಸೊಸೆ ಕೂಗಿ ಹೇಳಿದಳು.

"ನಡೆಯೋಳು ಅಂದ್ರೆ ಗಟ್ಟಿ ಇರಬೇಕು. ಮೇಲೆ ಕಳಿಸು," ಎಂದಿತು ಧ್ವನಿ.

ಮೆಟ್ಟಿಲು ಹತ್ತಿ ಹೋದೆ. ಎಪ್ಪತ್ತು ದಾಟಿದ, ನನ್ನ ಭುಜಕ್ಕೆ ಬರುವಷ್ಟು ಎತ್ತರದ ಮುದುಕಿ. ಬಿಳಿ ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದ್ದರು. ದಪ್ಪ ಗಾಜಿನ ಕನ್ನಡಕ, ಅದರ ಮೇಲೊಂದು ಕಪ್ಪು ಕನ್ನಡಕ. ಎರಡು ಬೆರಳಿಗೆ ಬಟ್ಟೆಯ ಚಿಂದಿ. ಆ ಬೆರಳುಗಳಿಂದ ಹೊರಟ ದಾರ ಆಕಾಶಕ್ಕೆ ಏರಿ ಎಲ್ಲೋ ದೂರದಲ್ಲಿ ಒಂದು ಹಳದಿ ಪತಂಗಕ್ಕೆ ಸೇರಿತ್ತು. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಆ ಚರಕ್ ಹಿಡಿ," ಎಂದರು.

ಚರಕ್ ಎಂದರೆ ದಾರ ಸುತ್ತಿದ ಮರದ ಉರುಳೆ, ಎರಡು ಕಡೆಯೂ ಹಿಡಿ ಇರುವಂಥದ್ದು. ಅದು ಅವರ ಕಾಲ ಬಳಿ ಇಟ್ಟಿಗೆಗಳ ನಡುವೆ ಸಿಕ್ಕಿಸಿಟ್ಟಿತ್ತು. ಎತ್ತಿ ಹಿಡಿದುಕೊಂಡೆ. ಪ್ರತಿ ವರ್ಷ ಅದನ್ನು ಹಿಡಿಯುತ್ತಿದ್ದವಳು ಅವರ ನಾದಿನಿಯಂತೆ. ಈ ಸಲ ಮಗಳ ಬಾಣಂತನಕ್ಕೆಂದು ನಿಜಾಮಾಬಾದಿಗೆ ಹೋಗಿದ್ದಳು. ಸೊಸೆಗೆ ಬಿಸಿಲಾಗುವುದಿಲ್ಲ. ಮಗ ಅಂಗಡಿಯಲ್ಲಿ.

"ನಾನು ಢೀಲ್ ಬಿಟ್ಟಾಗ ಉರುಳಲಿ. ಎಳೆದಾಗ ಸುತ್ತು. ಅಷ್ಟೇ. ಮಾತಾಡೋದು ನಕ್ಕೋ, ಬೇಡ."

ಢೀಲ್ ಎಂದರೆ ದಾರವನ್ನು ಸಡಿಲ ಬಿಡುವುದು ಎಂದು ನೋಡಿದ ಮೇಲೆ ತಿಳಿಯಿತು. ಇಷ್ಟು ವರ್ಷ ಬೇರೆಯವರಿಗೆ ಆಜ್ಞೆ ಕೊಟ್ಟವಳು ನಾನು. ಮುದುಕಿಯ ಆಜ್ಞೆಗೆ ನನ್ನ ಕೈಗಳು ತಾವಾಗಿಯೇ ಕೆಲಸ ಶುರು ಮಾಡಿದವು.

ಸ್ವಲ್ಪ ಹೊತ್ತಿಗೆ ಪಕ್ಕದ ಮಾಳಿಗೆಯಲ್ಲಿ ಒಂದು ಕೆಂಪು ಪತಂಗ ಎದ್ದಿತು. ಅದು ಒಂದು ಕಾಲಕ್ಕೆ ಇದೇ ಮನೆಯ ಮಾಳಿಗೆ. ಅಣ್ಣ ತಮ್ಮಂದಿರು ಪಾಲಾದಾಗ ನಡುವೆ ಸೊಂಟದೆತ್ತರದ ಗೋಡೆ ಎದ್ದಿತ್ತು. ಗೋಡೆಯಾಚೆ ನಿಂತವರು ಮುದುಕಿಯ ಮೈದುನ. ಇಸ್ತ್ರಿ ಮಾಡಿದ ಬಿಳಿ ಕುರ್ತಾ, ಅಚ್ಚುಕಟ್ಟಾಗಿ ಕತ್ತರಿಸಿದ ಗಡ್ಡ. ಅವರು ಗೋಡೆಯ ಹತ್ತಿರ ಬಂದು, ಅಪರಿಚಿತಳಾದ ನನಗೂ ಸೇರಿಸಿ ಆದಾಬ್ ಮಾಡಿದರು.

"ಭಾಭೀಜಾನ್, ಗುಸ್ತಾಖಿ ಮಾಫ್," ಎಂದರು. ಉದ್ಧಟತನಕ್ಕೆ ಕ್ಷಮೆಯಿರಲಿ ಎಂದ ಮರುಗಳಿಗೆಗೆ ಅವರ ಕೆಂಪು ಪತಂಗ ನಮ್ಮ ಹಳದಿಯ ಮೇಲೆ ಎರಗಿತು.

ಈ ಎರಡು ಮನೆಗಳ ನಡುವೆ ಹಳೆಯದೊಂದು ಕಟ್ಟಳೆ ಇತ್ತು. ಸಂಜೆಯ ನಮಾಜಿಗೆ ಮುಂಚೆ ಕೊನೆಯದಾಗಿ ಯಾರ ಪತಂಗ ಕಡಿದುಹೋಗುತ್ತದೋ ಆ ಮನೆಯವರು ಗೆದ್ದ ಮನೆಗೆ ಸೋರೆಕಾಯಿ ಖೀರು ಕಳಿಸಬೇಕು. ಜಗಳವಾಡಿ ಪಾಲಾದವರು ಆಮೇಲೆ ಮಾತು ಶುರು ಮಾಡಿದ್ದೇ ಈ ಖೀರಿನಿಂದಂತೆ. ಇದನ್ನು ಮುದುಕಿ ನನಗೆ ಹೇಳಿದ್ದು ಆಮೇಲೆ. ಆಗ ಅವರ ತುಟಿ ಬಿಗಿದಿತ್ತು. ಢೀಲ್, ಢೀಲ್ ಎನ್ನುತ್ತಿದ್ದರು. ಉರುಳೆ ಗಿರ್ರೆಂದು ತಿರುಗಿತು. ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ದಾರ ಹಿಡಿಯ ಪಕ್ಕಕ್ಕೆ ಜಾರಿ ಸಿಕ್ಕಿಕೊಂಡಿತು. ನಾನು ಬಿಡಿಸುವಷ್ಟರಲ್ಲಿ ಹಳದಿ ಪತಂಗ ತಲೆ ಅಲ್ಲಾಡಿಸುತ್ತ ಮನೆಗಳ ಮೇಲಿನಿಂದ ತೇಲಿಹೋಯಿತು. ಸುತ್ತಲಿನ ಮಾಳಿಗೆಗಳಿಂದ ಅಫಾ ಎಂಬ ಕೂಗು ಎದ್ದಿತು. ಪತಂಗ ಕಡಿದಾಗ ಈ ಊರಿನವರು ಕೂಗುವುದು ಹಾಗೆ.

ನನ್ನ ಮುಖ ನೋಡಿ ಮುದುಕಿ ನಕ್ಕರು. ಕೆಳಗಿನ ಎರಡು ಹಲ್ಲು ಇರಲಿಲ್ಲ.

"ಮೊದಲನೇ ದಿನ ನನ್ನ ನಾದಿನಿ ಉರುಳೆಯನ್ನೇ ಓಣಿಗೆ ಬೀಳಿಸಿದ್ದಳು. ನೀನು ಪರವಾಗಿಲ್ಲ. ನಾಳೆ ಬೇಗ ಬಾ."

ಬರುವುದಿಲ್ಲ, ನಾನು ಮುಂದೆ ನಡೆಯಬೇಕು ಎಂದು ಹೇಳಲು ಬಾಯಿ ತೆರೆದವಳು ಆಗಲಿ ಎಂದೆ. ಅಕ್ಕ ಕಟ್ಟಿಕೊಟ್ಟ ಬುತ್ತಿಯನ್ನು ಮಾಳಿಗೆಯ ಮೇಲೇ ಬಿಚ್ಚಿದೆ. ಸಜ್ಜೆ ರೊಟ್ಟಿ ಮುದುಕಿಗೆ ಅಗಿಯಲಾಗಲಿಲ್ಲ, ಮೊಸರಿನಲ್ಲಿ ನೆನೆಸಿ ತಿಂದರು. ಶೇಂಗಾ ಹೋಳಿಗೆಯನ್ನು ಸೊಸೆ ಎರಡು ಸಲ ಕೇಳಿ ಹಾಕಿಸಿಕೊಂಡಳು. ಒಂದು ಹೋಳಿಗೆ ಗೋಡೆ ದಾಟಿ ಮೈದುನರಿಗೂ ಹೋಯಿತು.

ಸಂಜೆ ಮನೆಗೆ ಬಂದು ಊಟಕ್ಕೆ ಕುಳಿತಾಗ ಇದನ್ನೆಲ್ಲ ಹೇಳಿದೆ. ಭಾವ ಕೇಳುತ್ತಿದ್ದರು, ನಡುನಡುವೆ ನಗುತ್ತಿದ್ದರು. ಅಕ್ಕ ರೊಟ್ಟಿ ಬಡಿಸುತ್ತಿದ್ದಳು. ಗುರುತಿಲ್ಲದವರ ಮನೆ ಹೊಕ್ಕಿದ್ದಕ್ಕೆ ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಒಲೆಯ ಉರಿ ಸಣ್ಣದು ಮಾಡಿ ನನ್ನ ಎದುರು ಬಂದು ಕುಳಿತಳು.

"ಆಕಿ ಢೀಲ್ ಬಿಟ್ಟು ಕಡೀತಾಳೋ, ಎಳದು ಕಡೀತಾಳೋ?"

"ಏನು?"

"ಕೆಂಪು ಪತಂಗದಂವ ಮ್ಯಾಲಿಂದ ಬಂದ್ನೋ, ಕೆಳಗಿಂದ ಬಂದ್ನೋ?"

"ಮ್ಯಾಲಿಂದ."

"ಹಂಗಾದ್ರ ಢೀಲ್ ಬಿಡಬಾರದಿತ್ತು. ಪಕ್ಕಕ್ಕ ಎಳೀಬೇಕಿತ್ತು," ಎಂದಳು ಅಕ್ಕ. "ಮಾಂಜಾ ದಾರ ಎಂಥಾದು? ಹತ್ತೀದೋ, ಆ ಕೊರಳು ಕೊಯ್ಯೂ ಪ್ಲಾಸ್ಟಿಕ್ಕಿಂದೋ?"

"ಹತ್ತೀದು. ಬ್ಯಾರೇದು ಮನ್ಯಾಗ ತರಗೊಡೂದಿಲ್ಲಂತ ಆಕಿ."

"ಚಲೋ ಹೆಣಮಗಳು," ಎಂದಳು.

ಭಾವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತ್ತು. ನನಗೆ ಆಗ ಮಸುಕುಮಸುಕಾಗಿ ನೆನಪು ಬರತೊಡಗಿತು. ಗೋಳಗುಮ್ಮಟದ ಹಿಂದಿನ ಓಣಿ, ನಮ್ಮ ಮಣ್ಣಿನ ಮಾಳಿಗೆ. ಲಂಗ ಎತ್ತಿ ಕಟ್ಟಿದ ಅಕ್ಕ. ನಿಮ್ಮ ಹುಡುಗಿ ನಮ್ಮ ಪತಂಗ ಕಡಿದಳು ಎಂದು ಅಪ್ಪನ ಹತ್ತಿರ ದೂರು ತಂದ ಪಕ್ಕದ ಮನೆಯವರು. ನಾನಾಗ ಬಹಳ ಚಿಕ್ಕವಳು. ಅಕ್ಕ ಒಂಬತ್ತನೆಯ ಇಯತ್ತೆಗೆ ಬಂದಾಗ ಅಜ್ಜಿ ಇನ್ನು ಮಾಳಿಗೆ ಹತ್ತಬೇಡ ಎಂದಿದ್ದಳಂತೆ. ಅವಳು ಇಳಿದು ಬಂದಳು, ಮತ್ತೆ ಹತ್ತಲಿಲ್ಲ. ಅಜ್ಜಿಯ ಮಾತಿಗೆ ಅತ್ತಳೋ ಇಲ್ಲವೋ ನಾನು ಯಾವತ್ತೂ ಕೇಳಿರಲಿಲ್ಲ. ಅವತ್ತು ಕೇಳಿದೆ.

"ಅಳೂದ್ಯಾಕ? ನನ್ನ ಚರಕ್ ಮಾರಿ ರಿಬ್ಬನ್ ತಗೊಂಡೆ," ಎಂದು ನಕ್ಕಳು. ಆಮೇಲೆ ಭಾವನ ಕಡೆ ತಿರುಗಿದಳು. "ನಾಳೆ ನಾನೂ ಹೊಂಟೀನ್ರಿ. ನೀವು ಮನ್ಯಾಗ ಇರ್ರಿ, ಗ್ಯಾಸಿನಂವ ಬರಾಂವ ಇದ್ದಾನ."

"ನಾನೂ ಬರ್ತೀನಲ್ಲ," ಎಂದರು ಭಾವ.

"ಗ್ಯಾಸ್ ಯಾರು ಇಳಿಸ್ಕೋತಾರ?"

ಮರುದಿನ ಅಕ್ಕ ಹಳೆಯ ಇಳಕಲ್ ಸೀರೆ ಉಟ್ಟು, ಭಾವನ ಸಾಕ್ಸು ಹಾಕಿ, ಬೆಳಗಿನ ವಾಕಿಂಗಿಗೆಂದು ಮಗ ಕೊಡಿಸಿ ಪೆಟ್ಟಿಗೆಯಲ್ಲೇ ಇದ್ದ ಶೂ ಹೊರಗೆ ತೆಗೆದಳು. ಆದರೆ ನಡೆಯಲು ಒಪ್ಪಲಿಲ್ಲ. ಬಸ್ಸಿನಲ್ಲೇ ಹೋಗೋಣ, ಕೈಗೆ ಶಕ್ತಿ ಉಳಿಯಬೇಕು ಎಂದಳು. ತೆಲಂಗಾಣದ ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಿದರೆ ಜೀರೋ ಟಿಕೆಟ್ ಹರಿದುಕೊಡುತ್ತಾರೆ. ಅಕ್ಕ ತನ್ನದನ್ನು ಪಡೆದು ನನ್ನ ಕಡೆ ಬೆರಳು ತೋರಿಸಿ, ಇವಳು ನನ್ನ ಚೆಲ್ಲೆಲು, ಇವಳಿಗೂ ಕೊಡಿ ಎಂದು ತೆಲುಗಿನಲ್ಲಿ ಹೇಳಿದಳು. ಕಂಡಕ್ಟರಮ್ಮ ನನ್ನ ಕಾರ್ಡು ನೋಡಿ, ತಂಗಿ ನಿಮ್ಮವರೇ, ಕಾರ್ಡು ಕರ್ನಾಟಕದ್ದು ಎಂದು ನಕ್ಕು ನನ್ನಿಂದ ದುಡ್ಡು ತೆಗೆದುಕೊಂಡಳು. ಸೇತುವೆ ಬಂದಾಗ ಅಕ್ಕ ಕಿಟಕಿಗೆ ಮುಖ ಆನಿಸಿ ಹೊಳೆ ನೋಡಿದಳು. ನೀರು ಕಡಿಮೆ, ಕಸ ಹೆಚ್ಚು. ಅವಳ ಗಮನ ಅಲ್ಲಿರಲಿಲ್ಲ. "ಗಾಳಿ ಪಡುವಲದಿಂದ ಐತಿ," ಎಂದಳು.

ಮುದುಕಿ ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದರು. ಶೂ ಹಾಕಿದ ಸೀರೆಯವಳು ಅವರಿಗೆ ಹಿಡಿಸಿರಬೇಕು. ಚಾಪೆ ಹಾಸಿ ಕೂರಿಸಿದರು. ಸೊಸೆ ಚಹ ತರಲೋ ಬೇಡವೋ ಎಂದು ಮೆಟ್ಟಿಲ ಬಳಿ ಅನುಮಾನಿಸುತ್ತ ನಿಂತಿದ್ದಳು. "ಚಾಯ್ ಲಾವ್ ಬೇಟಿ, ಶಕ್ಕರ್ ಕಮ್," ಎಂದು ಅಕ್ಕನೇ ಹೇಳಿದಳು. ನಾನು ನನ್ನ ಹುದ್ದೆಗೆ ಹೋಗಿ ಚರಕ್ ಎತ್ತಿಕೊಂಡೆ.

ಅಕ್ಕ ಕುಳಿತು ಚಹ ಕುಡಿದಳು. ಆಮೇಲೆ ಚಾಪೆಯಿಂದಲೇ ಹೇಳಲು ಶುರು ಮಾಡಿದಳು, ಈಗ ಎಳೀರಿ, ಈಗ ಬಿಡ್ರಿ, ಬಲಕ್ಕ. ಮುದುಕಿಗೆ ಕನ್ನಡ ಬರುವುದಿಲ್ಲ. ಆದರೆ ಅಕ್ಕನ ಕೈ ಗಾಳಿಯಲ್ಲಿ ಮಾಡುತ್ತಿದ್ದುದನ್ನು ಅವರು ಓರೆಗಣ್ಣಿನಿಂದ ನೋಡುತ್ತಿದ್ದರು.

"ತುಮ್ಕು ಆತಾ?" ಎಂದರು. ನಿನಗೆ ಬರುತ್ತದೆಯೇ?

"ಪೆಹ್ಲೆ ಆತಾ ಥಾ," ಮೊದಲು ಬರುತ್ತಿತ್ತು ಎಂದಳು ಅಕ್ಕ.

ಮುದುಕಿ ತಮ್ಮ ಬೆರಳಿನ ಚಿಂದಿ ಬಿಚ್ಚಿ ಅಕ್ಕನ ಬೆರಳಿಗೆ ಸುತ್ತಿ, ದಾರ ಅವಳ ಕೈಗೆ ದಾಟಿಸಿದರು. ಅಕ್ಕನ ಮೊದಲ ಪತಂಗ ಏರಿದ್ದು ಬಹಳ ಚೆಂದ, ಉಳಿದದ್ದು ಬಹಳ ಕಡಿಮೆ. ಮೈದುನರು ಕ್ಷಮೆ ಕೇಳಿ ಕಡಿದುಹಾಕಿದರು. ಎರಡನೆಯದೂ ಹೋಯಿತು. ಅಕ್ಕನ ಮುಖ ಕೆಂಪಾಯಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂರನೆಯ ಪತಂಗವನ್ನು ತಾನೇ ಆರಿಸಿದಳು. ಬಿದಿರುಕಡ್ಡಿಯನ್ನು ತಲೆಯ ಮೇಲೆ ಉಜ್ಜಿ ಬಗ್ಗಿಸಿ, ಸೂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈ ಎಲ್ಲ ಕೆಲಸ ಅವಳ ಕೈಯಲ್ಲಿ ಇಷ್ಟು ವರ್ಷ ಎಲ್ಲಿ ಅಡಗಿತ್ತೋ.

ಆ ಪತಂಗ ನೀಲಿ ಬಣ್ಣದ್ದು. ಅಕ್ಕ ಅದನ್ನು ಕೆಂಪಿನಿಂದ ದೂರವೇ ಇಟ್ಟು, ಆಟಕ್ಕೆ ಬರುವುದಿಲ್ಲವೇನೋ ಎನ್ನುವ ಹಾಗೆ ಬಹಳ ಹೊತ್ತು ತಿರುಗಿಸಿದಳು. ಬಿಸಿಲು ಇಳಿಯಿತು. ಮೈದುನರಿಗೆ ತಾಳ್ಮೆ ತಪ್ಪಿತು. ಅವರು ಮೇಲಿನಿಂದ ಬಂದರು. "ಈಗ ಸುತ್ತು," ಎಂದಳು ಅಕ್ಕ ನನಗೆ. ನಾನು ಉರುಳೆಯನ್ನು ಕೈ ನೋಯುವಷ್ಟು ವೇಗವಾಗಿ ಸುತ್ತಿದೆ. ಅವಳು ಪಕ್ಕಕ್ಕೆ ಎರಡು ಹೆಜ್ಜೆ ಹಾಕಿ ಎಳೆದಳು. ದಾರ ದಾರಕ್ಕೆ ತಾಗಿದ್ದು ನನ್ನ ಅಂಗೈಗೆ ತಿಳಿಯಿತು. ಕೆಂಪು ಪತಂಗ ಒಮ್ಮೆ ನಿಂತ ಹಾಗೆ ಮಾಡಿ ಹಿಂದಕ್ಕೆ ಒರಗಿತು, ಆಮೇಲೆ ಚಾರ್‌ಮಿನಾರಿನ ದಿಕ್ಕಿಗೆ ತೇಲುತ್ತ ಹೋಯಿತು. ಸುತ್ತಲಿನ ಮಾಳಿಗೆಗಳೆಲ್ಲ ಕೂಗಿಕೊಂಡವು. ಕೂಗದೆ ಇದ್ದವಳು ಅಕ್ಕ ಒಬ್ಬಳೇ. ಅವಳು ನೀಲಿ ಪತಂಗವನ್ನು ನೋಡುತ್ತ ನಿಂತಿದ್ದಳು, ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು. ಮುದುಕಿ ಅವಳ ಬೆನ್ನಿಗೆ ಒಂದು ಗುದ್ದು ಹಾಕಿದರು. ಪ್ರೀತಿಯ ಗುದ್ದು, ಆದರೆ ಮೆತ್ತಗಿನದಲ್ಲ.

ಖೀರನ್ನು ಮೈದುನರು ತಾವೇ ತಂದರು. ಬೋಗುಣಿಗೆ ಬಿಳಿ ಕರವಸ್ತ್ರ ಮುಚ್ಚಿ, ಗೋಡೆಯ ಮೇಲಿನಿಂದ ದಾಟಿಸಿ, ದೂರು ಹೇಳಿದರು.

"ಭಾಭೀಜಾನ್ ಹೊರಗಿನಿಂದ ಆಟಗಾರರನ್ನು ಕರೆಸಿದ್ದಾರೆ. ಇದು ಸರಿಯೇ?"

"ಹೊರಗಿನವಳಲ್ಲ ಭಾಯಿಸಾಬ್, ಮಲ್ಕಾಜ್‌ಗಿರಿಯವಳು," ಎಂದಳು ಅಕ್ಕ.

ಹೊಳೆಯಾಚೆಯವರೆಲ್ಲ ಹೊರಗಿನವರೇ ಎಂದು ಅವರು ನಗುತ್ತ ಹೇಳಿದರು. ಖೀರು ತಣ್ಣಗಿತ್ತು, ಏಲಕ್ಕಿಯ ವಾಸನೆ. ಅಕ್ಕ ಎರಡು ಬಟ್ಟಲು ತಿಂದಳು. ಸಕ್ಕರೆ ಕಮ್ಮಿ ಎಂಬ ಮಾತು ಅವಳಿಗಾಗ ನೆನಪಿರಲಿಲ್ಲ.

ಅದರ ಮರುದಿನದಿಂದ ನಾವಿಬ್ಬರೂ ಒಂದೇ ಬಸ್ಸು ಹತ್ತಿ ಶಾಲಿಬಂಡಾಕ್ಕೆ ಹೋಗಿ ಅಲ್ಲಿ ಬೇರೆಯಾಗತೊಡಗಿದೆವು. ಅವಳು ಹಸಿರು ಬಾಗಿಲಿನ ಕಡೆ, ನಾನು ಚೀಲ ಹೊತ್ತು ಹಿಂದಿನ ಸಂಜೆ ನಿಲ್ಲಿಸಿದ ಜಾಗಕ್ಕೆ, ಅಲ್ಲಿಂದ ಮುಂದಕ್ಕೆ. ಹುಸೇನಿ ಆಲಂನ ಹಳೆಯ ಕಮಾನುಗಳು, ಪುರಾನಾಪುಲಿನ ಕಲ್ಲುಗಳು, ಕಾರ್ವಾನಿನ ಎಮ್ಮೆ ಕೊಟ್ಟಿಗೆಗಳು. ಟೋಲಿಚೌಕಿಯಲ್ಲಿ ರಸ್ತೆ ದಾಟಲಾಗದೆ ನಿಂತಿದ್ದಾಗ ಬುರ್ಖಾದ ಕಾಲೇಜು ಹುಡುಗಿಯರು ಎರಡೂ ಕಡೆ ನನ್ನ ಕೈ ಹಿಡಿದು ದಾಟಿಸಿದರು. ಇಷ್ಟು ವರ್ಷ ಹುಡುಗಿಯರನ್ನು ರಸ್ತೆ ದಾಟಿಸಿದ್ದು ನಾನು. ಅವರ ಕೈಯಲ್ಲಿ ಸುಮ್ಮನೆ ಎಳೆಸಿಕೊಂಡು ಹೋಗುವುದು ಎಷ್ಟು ಹಿತವಾಗಿತ್ತು.

ಗಚ್ಚಿಬೌಲಿ ಮುಟ್ಟಿದ್ದು ಸಂಕ್ರಾಂತಿಯ ಹಿಂದಿನ ಭೋಗಿಯ ದಿನ ಮಧ್ಯಾಹ್ನ. ಗಾಜಿನ ಕಟ್ಟಡಗಳು, ಗೇಟುಗಳು, ಕಾರುಗಳ ಸಾಲು. ನಡೆಯುತ್ತಿದ್ದವರು ಯಾರೂ ಇಲ್ಲ. ಒಂದು ಗೇಟಿನ ಕಾವಲುಗಾರ ನನ್ನನ್ನು ನೋಡಿ, ಕ್ಯಾಬ್ ಬರಲಿಲ್ಲವೇ ಅಮ್ಮಾ ಎಂದು ಕೇಳಿದ. ಕ್ಯಾಬ್ ಕರೆದಿಲ್ಲ, ಮಲ್ಕಾಜ್‌ಗಿರಿಯಿಂದ ನಡೆದು ಬಂದೆ ಎಂದೆ. ಅವನು ಎದ್ದು ನಿಂತು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದುಕೊಟ್ಟ. ಶೂ ಬಿಚ್ಚಿ, ಕಾಲು ಚಾಚಿ ಕುಳಿತೆ. ಅಂಗಾಲಿನಲ್ಲಿ ಎರಡು ಬೊಕ್ಕೆ ಎದ್ದಿದ್ದವು. ಕ್ರೀಡಾಕೂಟಗಳಲ್ಲಿ ನನ್ನ ಹುಡುಗಿಯರು ಕಪ್ಪು ಗೆದ್ದಾಗಲೂ ನಾನು ಇಷ್ಟು ಸಂತೋಷಪಟ್ಟಿರಲಿಲ್ಲ. ಆ ಗೆಲುವುಗಳಲ್ಲಿ ಯಾವಾಗಲೂ ಮುಂದಿನ ಪಂದ್ಯದ ಚಿಂತೆ ಇರುತ್ತಿತ್ತು. ಇಲ್ಲಿ ಮುಂದೆ ಮಾಡಬೇಕಾದ್ದೇನೂ ಇರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಹೋಳಿಗೆಯನ್ನು ಕಾವಲುಗಾರನ ಜೊತೆ ಹಂಚಿಕೊಂಡು ತಿಂದೆ. ಇದರಲ್ಲಿ ಶೇಂಗಾ ಹಾಕಿದವರು ಯಾರು ಎಂದು ಅವನು ಕೇಳಿದ. ನಮ್ಮ ಅಕ್ಕ ಎಂದೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಅಕ್ಕ ಇನ್ನೂ ಬಂದಿರಲಿಲ್ಲ. ಭಾವ ಅಡುಗೆಮನೆಯಲ್ಲಿ ಒಗ್ಗರಣೆ ಅವಲಕ್ಕಿ ಮಾಡುತ್ತಿದ್ದರು, ಅರ್ಧ ತಳಕ್ಕೆ ಹತ್ತಿಸಿದ್ದರು. ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಬೆರಳಿಗೆ ಹೊಸ ಚಿಂದಿ, ಕೈಯಲ್ಲೊಂದು ಸ್ಟೀಲಿನ ಡಬ್ಬಿ.

"ಇವತ್ತ ಯಾರು ಗೆದ್ರು?" ಎಂದು ಭಾವ ಕೇಳಿದರು.

"ಯಾರೂ ಇಲ್ರಿ. ಗಾಳಿ ನಿಂತಬಿಡ್ತು. ಎರಡೂ ಪತಂಗ ಉಳದ್ವು. ಅದಕ್ಕ ಎರಡೂ ಮನ್ಯಾಗ ಖೀರು ಮಾಡಿದ್ರು." ಅವಳು ಶೂ ಬಿಚ್ಚುತ್ತ ನನ್ನನ್ನು ನೋಡಿದಳು. "ನೀ ಮುಟ್ಟಿದೇನು?"

"ಮುಟ್ಟಿದೆ."

"ಏನೈತಿ ಅಲ್ಲೆ?"

"ದೊಡ್ಡ ದೊಡ್ಡ ಕಟ್ಟಡ ಅದಾವು. ಗಾಜಿನವು."

"ಮಾಳಗಿ ಮ್ಯಾಲ ಮಂದಿ?"

"ಒಬ್ರೂ ಇರಲಿಲ್ಲ."

ಅಕ್ಕ ಆ ಊರಿನವರ ಬಗ್ಗೆ ನಿಜವಾಗಿಯೂ ಮರುಕಪಟ್ಟಳು. ಆಮೇಲೆ ಭಾವನ ಅವಲಕ್ಕಿಯಲ್ಲಿ ಹತ್ತದೆ ಉಳಿದ ಭಾಗವನ್ನು ಮೂರು ತಟ್ಟೆಗೆ ಹಾಕಿ, ಡಬ್ಬಿಯ ಮುಚ್ಚಳ ತೆಗೆದು ಪಕ್ಕದಲ್ಲಿ ಖೀರು ಬಡಿಸಿದಳು.